ಬರೀ ನಂಬರ್ ಕಳಿಸಬೇಡಿ: ಹಳೇ ನ್ಯಾಷನಲ್ ಗಿಟಾರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲವೂ ಅದೇ ಕತೆ. ಒಂದು ಅಕ್ಷರ, ಮುಂದೆ ನಾಲ್ಕು ಅಂಕಿ, ಕೊನೆಗೆ ‘ಸರ್, ಯಾವ ವರ್ಷದ್ದು?’ ಫೋಟೋ ಇಲ್ಲ, ಮಾಡೆಲ್ ಹೆಸರಿಲ್ಲ. ಗಾಡಿ ನಂಬರ್ ಹೇಳಿ ಆರ್‌ಟಿಒದಲ್ಲಿ ವಿಚಾರಿಸಿದ ಹಾಗೆ. ನಾನು ಕಳೆದ ಹಲವು ವರ್ಷಗಳಿಂದ ಅಮೆರಿಕದ ನ್ಯಾಷನಲ್ ಕಂಪನಿಯ ಈ ಲೋಹದ ಗಿಟಾರ್‌ಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ, ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಇದೊಂದಕ್ಕೆ ಉದ್ದಕ್ಕೆ ಬರೆಯುತ್ತೇನೆ. ಉಳಿದವರು ಸ್ವಲ್ಪ ಸುಧಾರಿಸಿಕೊಳ್ಳಿ. ಇವು ರೆಸೊನೇಟರ್ ಗಿಟಾರ್, ಒಳಗಿನ ತೆಳು ಲೋಹದ ಕೋನ್ ದನಿ ಜೋರು ಮಾಡುತ್ತೆ; ಅದಕ್ಕಿಂತ ಹೆಚ್ಚು ಪಾಠ ಮಾಡುವುದಿಲ್ಲ.

ಪ್ರಶ್ನೆ: ಇಲ್ಲಿ ಅಮೆರಿಕದ ಫ್ರೀಮಾಂಟ್‌ನಲ್ಲಿ, ಹಳೇ ಮನೆಯೊಂದರ ಸಾಮಾನು ಮಾರುವಾಗ ನ್ಯಾಷನಲ್‌ನ ಡುಯೋಲಿಯನ್ ಮಾಡೆಲ್ ಗಿಟಾರ್ ಒಂದು ಸಿಕ್ಕಿತು. ಹೆಡ್‌ಸ್ಟಾಕ್ (ತಂತಿ ಬಿಗಿಸುವ ತುದಿ) ಮೇಲೆ ‘ಸಿ’ಯಿಂದ ಶುರುವಾಗುವ ನಂಬರ್ ಇದೆ. ಮಾರಿದವರು 1931 ಅಂದರು. ನನ್ನ ಸ್ನೇಹಿತ ಯಾವುದೋ ಪಟ್ಟಿ ನೋಡಿ 1940 ಅಂತಾನೆ. ಯಾವುದು ಸರಿ? ಫೋಟೋ ಕಳಿಸಿದ್ದೇನೆ.

ಫೋಟೋ ಕಳಿಸಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. 1931 ಅಂತೂ ಅಲ್ಲ, ನಂಬರ್ ನೋಡದೆಯೇ ಹೇಳಬಹುದು. ನೆಕ್ (ಗಿಟಾರ್‌ನ ಉದ್ದನೆ ಹಿಡಿ) ಬಾಡಿಗೆ ಸೇರುವ ಜಾಗದವರೆಗೆ ಎಷ್ಟು ಫ್ರೆಟ್ (ಅಡ್ಡ ಲೋಹದ ಪಟ್ಟಿ) ಇದೆ ಎಣಿಸಿ ನೋಡಿ. 14. ಡುಯೋಲಿಯನ್ 1930ರ ಸುಮಾರಿಗೆ ಬಂದಾಗ ಅದು 12 ಇತ್ತು. 14 ಫ್ರೆಟ್‌ನ ನೆಕ್ ಬಂದಿದ್ದು 1934-35ರ ಸುಮಾರಿಗೆ, ಆಗ ಬಾಡಿಯನ್ನೂ ಗಿಡ್ಡ ಮಾಡಿದರು, ಭುಜ ಚೌಕಾಕಾರ ಆಯಿತು. ನಿಮ್ಮ ಗಿಟಾರ್‌ನ ಭುಜವೂ ಹಾಗೇ ಇದೆ. ಅಲ್ಲಿಗೆ ಮಾರಿದವರ ಮಾತು ಮುಗಿಯಿತು.

ಈಗ ‘ಸಿ’ಗೆ ಬನ್ನಿ. ಕಂಪನಿ ಲಾಸ್ ಏಂಜಲಿಸ್‌ನಲ್ಲಿದ್ದಾಗ, 30ರ ದಶಕದ ಮೊದಲ ವರ್ಷಗಳಲ್ಲಿ, ಡುಯೋಲಿಯನ್ ನಂಬರಿನ ಮೊದಲು ಸಿ ಇರುತ್ತಿತ್ತು, ಅವರದೇ ಇನ್ನೊಂದು ಮಾಡೆಲ್ ಸ್ಟೈಲ್ ಓ ನಂಬರಿನ ಮೊದಲು ಎಸ್. ಆಮೇಲೆ ನ್ಯಾಷನಲ್ ಮತ್ತು ಅದರ ಪ್ರತಿಸ್ಪರ್ಧಿ ಕಂಪನಿ ಡೋಬ್ರೋ ಒಂದಾದವು, 1936ರ ಸುಮಾರಿಗೆ ಗಂಟುಮೂಟೆ ಕಟ್ಟಿಕೊಂಡು ಶಿಕಾಗೋಗೆ ಹೋದವು. ಅಲ್ಲಿ ಹೊಸದಾಗಿ ಎ, ಬಿ ಅಂತ ನಂಬರ್ ಹಾಕುತ್ತಾ ಹೋಗಿ ದಶಕದ ಕೊನೆಗೆ ಸಿ ಮತ್ತೆ ಬಂತು. ಒಂದೇ ಅಕ್ಷರ, ಎರಡು ಊರು, ಎರಡು ಕಾಲ. ಇಂಟರ್ನೆಟ್‌ನಲ್ಲಿ ಓಡಾಡುವ ಪಟ್ಟಿಗಳಲ್ಲಿ ಎರಡನ್ನೂ ಕಲಸಿ ಚಿತ್ರಾನ್ನ ಮಾಡಿಟ್ಟಿದ್ದಾರೆ. ನಿಮ್ಮ ಸ್ನೇಹಿತ ಒಂದು ಸಾಲು ನೋಡಿದ, ಮಾರಿದವರು ಇನ್ನೊಂದು ಸಾಲು ನೋಡಿದರು, ಅಷ್ಟೇ ವ್ಯತ್ಯಾಸ. ಒಳ್ಳೆಯ ಪಟ್ಟಿಗಳನ್ನೂ ಉಳಿದಿರುವ ಗಿಟಾರ್‌ಗಳನ್ನು ನೋಡಿ ನೋಡಿ ಕಟ್ಟಿದ್ದಾರೆ, ಅವನ್ನು ಪಂಚಾಂಗದ ಹಾಗೆ ಓದಬೇಡಿ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ, ಅದನ್ನು ಯಾರೂ ಕೇಳುವುದೇ ಇಲ್ಲ. ನಂಬರ್ ಎಲ್ಲಿದೆ? ಹೆಡ್‌ಸ್ಟಾಕ್ ಮೇಲೆ. ಹೆಡ್‌ಸ್ಟಾಕ್ ಯಾವುದರ ಭಾಗ? ನೆಕ್‌ನದು. ಡುಯೋಲಿಯನ್, ಸ್ಟೈಲ್ ಓ ಇವುಗಳ ನೆಕ್ ಮರದ್ದು, ಬಿಚ್ಚಿದರೆ ಬರುತ್ತೆ. ಅಂದರೆ ಆ ನಂಬರ್ ನೆಕ್‌ನ ವಯಸ್ಸು ಹೇಳುತ್ತೆ, ಬಾಡಿಯ ವಯಸ್ಸನ್ನಲ್ಲ. ಡುಯೋಲಿಯನ್ ಆಗಿನ ಬೆಲೆ 32 ಡಾಲರ್ 50 ಸೆಂಟ್. ಕಂಪನಿಯ ಸ್ಟೈಲ್ 4 ಗಿಟಾರ್‌ಗೆ 195 ಡಾಲರ್ ಇದ್ದ ಕಾಲದಲ್ಲಿ ಇದು ಬಡವರ ವಾದ್ಯ. ಬುಕ್ಕಾ ವೈಟ್ ಥರದ ಬ್ಲೂಸ್ ಗಾಯಕರು ಹಿಡಿದಿದ್ದು ಇದನ್ನೇ. ಮೈಕ್ ಇಲ್ಲದ ಜಾಗದಲ್ಲಿ, ಕುಡಿದು ಕುಣಿಯುವವರ ಮಧ್ಯೆ ನುಡಿಸಿದ ಗಿಟಾರ್ ಬೀಳುತ್ತೆ, ನೆಕ್ ಮುರಿಯುತ್ತೆ, ಕೈಗೆ ಸಿಕ್ಕ ಇನ್ನೊಂದು ನೆಕ್ ಹಾಕಿ ಮುಂದೆ ನಡೆಯುತ್ತಾರೆ. ಯಾರು ಕಲೆಕ್ಟರ್‌ಗೆ ಅಂತ ಕಾದಿದ್ದರು?

ನಾನೂ ಇದರಲ್ಲಿ ಕೈ ಸುಟ್ಟುಕೊಂಡವನೇ. ಮೊದಮೊದಲು ಒಂದು ಸ್ಟೈಲ್ ಓ ಕೊಂಡೆ. ನಂಬರ್ ಅಪ್ಪಟ, ಪಟ್ಟಿಗೆ ಸರಿಯಾಗಿ ಕೂತಿತ್ತು, ದುಡ್ಡು ಎಣಿಸಿ ಕೊಟ್ಟು ಬಂದೆ. ಮನೆಗೆ ತಂದು ತಂತಿ ಸಡಿಲಿಸಿ, ಕವರ್‌ಪ್ಲೇಟ್ (ಕೋನ್ ಮುಚ್ಚುವ ತೂತಿನ ತಟ್ಟೆ) ತೆಗೆದು, ಟಾರ್ಚ್ ಹಾಕಿ ನೋಡಿದೆ. ಇವುಗಳಲ್ಲಿ ನೆಕ್‌ನಿಂದ ಒಂದು ಮರದ ದಿಂಡು ಬಾಡಿಯ ಒಳಗೆ ಉದ್ದಕ್ಕೆ ಹೋಗುತ್ತೆ, ಅದನ್ನು ಚಿಕ್ಕ ಮರದ ತುಂಡುಗಳು ಹಿಡಿದಿರುತ್ತವೆ. ನನ್ನದರಲ್ಲಿ ಆ ತುಂಡುಗಳು ಬಿಳಿ ಬಿಳಿ, ನಿನ್ನೆ ಗರಗಸದಿಂದ ಕೊಯ್ದ ಹಾಗೆ. ಹೊರಗೆ ಫಿಂಗರ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ತುದಿಯ ಅಡಿಯಲ್ಲಿ, ಹೊಸ ಸ್ಕ್ರೂ ಪಕ್ಕದಲ್ಲೇ, ಹಳೇ ಸ್ಕ್ರೂನ ಖಾಲಿ ತೂತು. ನೆಕ್ ಒಂದು ಮನೆಯದು, ಬಾಡಿ ಇನ್ನೊಂದು ಮನೆಯದು. ಆ ಗಿಟಾರ್ ಈಗಲೂ ನನ್ನ ಹತ್ತಿರವೇ ಇದೆ. ಚೆನ್ನಾಗಿ ನುಡಿಯುತ್ತೆ, ಆ ಮಾತು ಬೇರೆ.

ಹಾಗಾಗಿ ಬಾಡಿಯಿಂದ ಶುರು ಮಾಡಿ. ಎಫ್ ಆಕಾರದ ತೂತುಗಳ ಅಂಚು ಬೆರಳಲ್ಲಿ ಮುಟ್ಟಿ. ಹಳೆಯವುಗಳಲ್ಲಿ ತಗಡು ಕತ್ತರಿಸಿದ ಹಾಗೆ ಚಪ್ಪಟೆ ಇರುತ್ತೆ, 1933-34ರ ನಂತರದವುಗಳಲ್ಲಿ ಅಂಚು ಒಳಕ್ಕೆ ಮಡಿಚಿರುತ್ತೆ, ತಟ್ಟೆಯ ಅಂಚಿನ ಹಾಗೆ. ನಿಮ್ಮದು ಮಡಿಚಿದ್ದು. ಕವರ್‌ಪ್ಲೇಟ್ ಮೇಲೆ ಕೋಳಿ ಕಾಲಿನ ಗುರುತಿನಂಥ ತೂತುಗಳಿವೆ, ಅದು ದಶಕದ ಕೊನೆಯ ವರ್ಷಗಳದ್ದು. ಆದರೆ ಕವರ್‌ಪ್ಲೇಟ್ ಅನ್ನೋದು ನಾಲ್ಕಾರು ಸ್ಕ್ರೂ ಬಿಚ್ಚಿದರೆ ಬದಲಾಗುವ ವಸ್ತು, ಒಂಟಿ ಸಾಕ್ಷಿಯಾಗಿ ಅದನ್ನು ನಂಬಬೇಡಿ. ಬಣ್ಣ ನೋಡಿ. ಡುಯೋಲಿಯನ್ ಬಣ್ಣವನ್ನು ಓರೆ ಬೆಳಕಿಗೆ ಹಿಡಿದರೆ ಹರಳುಪ್ಪು ಚೆಲ್ಲಿ ಒಣಗಿದ ಹಾಗೆ ಕಾಣಬೇಕು, ಬಲಗೈ ಒರಗುವ ಜಾಗದಲ್ಲಿ ಸವೆದು ಉಕ್ಕು ಕಾಣಬೇಕು, ಸುತ್ತ ತೆಳ್ಳಗೆ ಕಂದು ತುಕ್ಕು. ಎಲ್ಲಾ ಕಡೆ ಒಂದೇ ಸಮ ಇದ್ದರೆ ಯಾರೋ ಮತ್ತೆ ಬಳಿದಿದ್ದಾರೆ. ನಿಮ್ಮದು ಸವೆದಿದೆ, ಪುಣ್ಯ.

ಇಷ್ಟೆಲ್ಲ ಸೇರಿಸಿದರೆ ನಿಮ್ಮದು 30ರ ದಶಕದ ಕೊನೆಯದು. ನೆಕ್, ಬಾಡಿ ಎರಡೂ ಒಂದೇ ಕಾಲದವು ಅನ್ನಿಸುತ್ತೆ, ಒಳಗಿನ ಫೋಟೋ ಬಂದರೆ ಇನ್ನೂ ಗಟ್ಟಿಯಾಗಿ ಹೇಳಬಹುದು. ಕವರ್‌ಪ್ಲೇಟ್ ತೆಗೆಯುವ ಮುಂಚೆ ತಂತಿ ಸಡಿಲಿಸಿ, ಕೋನ್ ಮೇಲಿನ ಮರದ ಬಿಲ್ಲೆ ಯಾವ ದಿಕ್ಕಿಗಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಕೋನ್‌ಗೆ ಬೆರಳು ಒತ್ತಬೇಡಿ. ಹಪ್ಪಳದಷ್ಟು ತೆಳು ಅಲ್ಯೂಮಿನಿಯಂ ಅದು.

ನನ್ನ ಟ್ರೈಕೋನ್ (ಮೂರು ಕೋನ್ ಇರುವ ನ್ಯಾಷನಲ್) ‘ಜರ್ಮನ್ ಸಿಲ್ವರ್’ ಅಂತೆ. ಬೆಳ್ಳಿ ಬೆಲೆಯಲ್ಲಿ ಎಷ್ಟಾಗಬಹುದು?

ಸೊನ್ನೆ. ಅದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ.

ಲೋಹದ ಗಿಟಾರ್ ಎಲ್ಲವೂ ಡೋಬ್ರೋನೇ ಅಲ್ವಾ?

ಅಲ್ಲ. ಡೋಬ್ರೋ ಅನ್ನೋದು ಡೋಪ್ಯೇರಾ ಸಹೋದರರು ನ್ಯಾಷನಲ್ ಬಿಟ್ಟು ಕಟ್ಟಿದ ಕಂಪನಿ, ಅದರ ಬಹುಪಾಲು ಗಿಟಾರ್ ಮರದವು.

ಡೈರ್ ಸ್ಟ್ರೇಟ್ಸ್ ಬ್ಯಾಂಡ್‌ನ ಮಾರ್ಕ್ ನಾಫ್ಲರ್ ಹತ್ತಿರ ಇರುವಂಥದ್ದೇ ಬೇಕು. ಒಬ್ಬರು ‘1930ರದ್ದು, ಸೇಮ್ ಟು ಸೇಮ್’ ಅಂತಿದ್ದಾರೆ.

ಅವರದ್ದು 1937ರ 14 ಫ್ರೆಟ್ ಸ್ಟೈಲ್ ಓ. 1930ರಲ್ಲಿ ಸೇಮ್ ಟು ಸೇಮ್ ಇರಲು ಸಾಧ್ಯವಿಲ್ಲ. ನುಡಿಸುವುದಕ್ಕೆ ಬೇಕಿದ್ದರೆ, 80ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ನ್ಯಾಷನಲ್ ರೆಸೊಫೋನಿಕ್ ಅವರ ಹೊಸದನ್ನು ಕೊಂಡು ನೆಮ್ಮದಿಯಾಗಿರಿ.

ಫೋಟೋ ನೋಡಿ ಸರ್ಟಿಫಿಕೇಟ್ ಕೊಡುವವರು ಸಿಕ್ಕಿದ್ದಾರೆ, ಫೀಸ್ ಕಟ್ಟಬಹುದಾ?

ಆ ದುಡ್ಡಿಗೆ ಒಂದು ಒಳ್ಳೆಯ ಟಾರ್ಚ್ ಕೊಳ್ಳಿ.

ಮೈಸೂರಿನಿಂದ: ತಾತ ಕಲ್ಕತ್ತಾದಲ್ಲಿದ್ದಾಗ ಕೊಂಡ ಹವಾಯಿಯನ್ ಗಿಟಾರ್ ಇದೆ. ಮರದ್ದು. ನ್ಯಾಷನಲ್ ಇರಬಹುದಾ?

ಇರಲಾರದು, ಆದರೂ ಜೋಪಾನ. 1940ರ ದಶಕದಲ್ಲಿ ಟೌ ಮೋ ಅನ್ನುವ ಹವಾಯಿಯನ್ ವಾದಕರು ನ್ಯಾಷನಲ್ ಟ್ರೈಕೋನ್ ಹಿಡಿದು ಕಲ್ಕತ್ತಾದಲ್ಲೇ ನೆಲೆಸಿದ್ದರು. ಅಲ್ಲಿ ಹವಾಯಿಯನ್ ಗಿಟಾರ್ ಹುಚ್ಚು ಜೋರಾಗಿತ್ತು, ಸ್ಥಳೀಯವಾಗಿ ಮಾಡಿದ ಮರದವು ಮನೆಮನೆ ಸೇರಿದವು. ನಿಮ್ಮದು ಅಂಥದ್ದು ಅನ್ನಿಸುತ್ತೆ. ಬೆಲೆ ಕೇಳಬೇಡಿ, ತಂತಿ ಹಾಕಿಸಿ ನುಡಿಸಿ.

ಸ್ಟೈಲ್ ಓ ಕಪ್ಪಾಗಿದೆ. ಹುಣಸೆಹಣ್ಣು ಅಥವಾ ಪೀತಾಂಬರಿ ಹಾಕಿ ಉಜ್ಜಬಹುದಾ? ಒಳಗೆ ಹಿತ್ತಾಳೆ ತಾನೇ?

ಬೇಡಪ್ಪಾ ಬೇಡ. ಮೊದಮೊದಲ ಕೆಲವು ಬಿಟ್ಟರೆ ಒಳಗೆ ಹಿತ್ತಾಳೆ, ನಿಜ. ಆದರೆ ಮೇಲೆ ನಿಕ್ಕಲ್ ಲೇಪ ಇದೆ, ಅದರ ಮೇಲೆ ಮರಳು ಊದಿ ಮೂಡಿಸಿದ ಚಿತ್ರ ಇದೆ. ಹಿಂದೊಮ್ಮೆ ಒಬ್ಬರು ದೀಪಾವಳಿಗೆ ದೀಪದ ಕಂಬದ ಜೊತೆ ಗಿಟಾರನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಥಳಥಳ ಹೊಳೆಯುತ್ತೆ ಅಂತ ಹೆಮ್ಮೆಯಿಂದ ನನ್ನ ಹತ್ತಿರ ತಂದಿದ್ದರು. ಹೊಳೆಯುತ್ತಿತ್ತು, ಹಳದಿಯಾಗಿ. ಹಿಂಭಾಗದಲ್ಲಿ ಎರಡು ತೆಂಗಿನ ಮರ ಇರಬೇಕಿತ್ತು. ಒಂದರ ಬುಡ ಮಾತ್ರ ಉಳಿದಿತ್ತು.