ಙ, ಞ ಎರಡೂ ಇರುವ ಊರಿನ ಹೆಸರು

ನೀವು ವರ್ಗವಾಗಿ ಕಾಸರಗೋಡಿಗೆ ಬಂದ ಮೊದಲ ವಾರವೇ ಕೇಳಿದಿರಿ, ಬಸ್ಸಿನವರು ಕೂಗುವ ಆ ಊರಿನ ಹೆಸರು ನನ್ನ ಬಾಯಲ್ಲಿ ಯಾಕೆ ಹೊರಳುವುದಿಲ್ಲ ಅಂತ. ಇಂಗ್ಲಿಷ್ ಬೋರ್ಡು ಓದಿ ನೀವು "ಕನ್ಹಂಗಾಡ್" ಅಂದಿರಿ, ಕಂಡಕ್ಟರ್ ಎರಡು ಸಲ ಕೇಳಿದರು. ಕನ್ನಡ ಪತ್ರಿಕೆಯಲ್ಲಿ ಅದು ಕಾಞಂಗಾಡು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಸಿಗುವ ಆ ಪೇಟೆಯನ್ನು ಮಲಯಾಳದವರು ಕರೆಯುವುದು ಕಾಞ್ಞಙ್ಙಾಡ್ ಅಂತ. ಒಂದೇ ಹೆಸರಿನಲ್ಲಿ ಞ, ಙ ಎರಡೂ, ಅದೂ ಒತ್ತಾಗಿ!

ಒಂದನೇ ಕ್ಲಾಸಿನಲ್ಲಿ ನಾವೆಲ್ಲ ಈ ಎರಡು ಅಕ್ಷರಗಳನ್ನು ರಾಗವಾಗಿ ಹೇಳಿದವರೇ. ಆದರೆ ಗೋಡೆಯ ಪಟದಲ್ಲಿ ಕ ಪಕ್ಕ ಕಮಲ ಇರುತ್ತಿತ್ತು, ಇವುಗಳ ಪಕ್ಕ ಏನೂ ಇರುತ್ತಿರಲಿಲ್ಲ. ನಮ್ಮೂರಲ್ಲಿ ಚಿತ್ರಕ್ಕೆ ಬರವಿಲ್ಲ. ಮಲಯಾಳದಲ್ಲಿ ಮಾವಿನಕಾಯಿ ಮಾಙ್ಙ, ತೆಂಗಿನಕಾಯಿ ತೇಙ್ಙ, ಏಡಿ ಞಂಡ್, ನಾನು ಅನ್ನುವುದಕ್ಕೆ ಞಾನ್.

ನುಡಿಯುವುದು ಕಷ್ಟವಲ್ಲ, ನಿಮ್ಮ ಬಾಯಲ್ಲಿ ಆಗಲೇ ಇದೆ. "ಅಂಗಡಿ" ಅನ್ನಿ, ಆದರೆ ಗ ಬರುವ ಮೊದಲೇ ನಿಲ್ಲಿಸಿ. ನಾಲಗೆಯ ಹಿಂಭಾಗ ಮೃದು ಅಂಗುಳಕ್ಕೆ ಅಂಟಿದೆ, ಸದ್ದು ಮೂಗಿನಿಂದ ಬರುತ್ತಿದೆ, ಅಲ್ಲವೇ? ಮೂಗು ಹಿಡಿದುಕೊಳ್ಳಿ, ಸದ್ದು ನಿಂತುಹೋಗುತ್ತದೆ. ಅದೇ ಙ. ಗ ಹುಟ್ಟಲು ಬಿಡದೆ ನೇರ ಆ ಅನ್ನುವ ಸ್ವರಕ್ಕೆ ಇಳಿದರೆ ಙಾ. "ಅಂಚೆ" ಅನ್ನುವಾಗ ಚ ಬರುವ ಮೊದಲು ಹೀಗೆಯೇ ನಿಂತರೆ ಞ; ಅಲ್ಲಿ ನಾಲಗೆಯ ನಡುಭಾಗ ಗಟ್ಟಿ ಅಂಗುಳವನ್ನು ಒತ್ತಿರುತ್ತದೆ.

ಇದು ಮಲಯಾಳದ ಸೊತ್ತು ಮಾತ್ರ ಅಂದುಕೊಳ್ಳಬೇಡಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಅದು ಕರ್ನಾಟಕಕ್ಕೆ ಬರಬೇಕೆಂದು ಬಾಳಿನುದ್ದಕ್ಕೂ ಹೋರಾಡಿದ ಕವಿಯ ಹೆಸರು ಕಯ್ಯಾರ ಕಿಞ್ಞಣ್ಣ ರೈ. 2015ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಬೆಂಗಳೂರಿನ ಸಭೆಗಳಲ್ಲಿ ಅವರನ್ನು "ಕಿನ್ಹಣ್ಣ" ಅಂದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಕನ್ನಡ ವರ್ಣಮಾಲೆಯ ಅಕ್ಷರ ಅದು, ಕನ್ನಡದವರೇ ಅದನ್ನು ಇಂಗ್ಲಿಷಿನಿಂದ ಓದುತ್ತಿದ್ದಾರೆ.

ಕನ್ನಡ ವರ್ಣಮಾಲೆಯಿಂದ ಬಿದ್ದೇಹೋದ ೞ ಅಕ್ಷರದ ಕತೆ ಇನ್ನೂ ಹಳೆಯದು. ಹಳಗನ್ನಡದಲ್ಲಿ ಮಳೆ ಮೞೆ, ಕೋಳಿ ಕೋೞಿ, ಏಳು ಏೞ್. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಇಂಥ ಪದಗಳನ್ನು ಪಟ್ಟಿ ಮಾಡಿಯೇ ಕೊಟ್ಟ. ನಮ್ಮ ಕಡೆ ಅದು ಕ್ರಮೇಣ ಳ ಆಗಿಹೋಯಿತು. ಹೊಳೆಯಾಚೆ ಇವತ್ತಿಗೂ ಮಳೆ "ಮೞ", ಹೊಳೆ "ಪುೞ". ಳ ಅನ್ನುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳವನ್ನು ಮುಟ್ಟುತ್ತದೆ. ೞ ಅನ್ನುವಾಗ ಹಾಗೆಯೇ ಮಡಚಬೇಕು, ಮುಟ್ಟಬಾರದು. ಮುಟ್ಟಿದರೆ ಕೆಟ್ಟಿತು.

ತ ಮತ್ತು ಟ ನಡುವೆಯೂ ಮಲಯಾಳದಲ್ಲಿ ಇನ್ನೊಂದು ಇದೆ. ಹಲ್ಲಿಗೆ ತಾಗಿಸಿ ಕುತ್ತಿ ಅಂದರೆ ಚುಚ್ಚಿದ, ನಾಲಗೆ ಮಡಚಿ ಕುಟ್ಟಿ ಅಂದರೆ ಮಗು. ಮೇಲಿನ ಹಲ್ಲಿನ ಹಿಂದಿನ ವಸಡಿಗೆ ತಾಗಿಸಿ ಹೇಳಿದರೆ ಗೂಟ. ಅದನ್ನು ಬರೆಯಲು ನಮ್ಮ ಲಿಪಿಯಲ್ಲಿ ಅಕ್ಷರ ಸಾಲದು, ಕೇಳಿಯೇ ಕಲಿಯಬೇಕು.

ಸ್ವರದಲ್ಲಿ ನಿಮ್ಮನ್ನು ಸಿಕ್ಕಿಸುವುದು ತುಳು. ಕನ್ನಡದ "ನೀರು" ಅನ್ನುವಾಗ ಕೊನೆಗೆ ತುಟಿ ದುಂಡಾಗುತ್ತದೆ; ತುಳುವಿನ "ನೀರ್" ಕೊನೆಯಲ್ಲೂ ಸಣ್ಣದೊಂದು ಸ್ವರವಿದೆ, ಆದರೆ ತುಟಿ ಅಗಲವಾಗಿಯೇ ಉಳಿಯುತ್ತದೆ. ಅದಕ್ಕಿಂತ ಸೂಕ್ಷ್ಮ "ಪೋಪೆ". ಯಾನ್ ಪೋಪೆ ಅಂದರೆ ನಾನು ಹೋಗುತ್ತೇನೆ, ಆಯೆ ಪೋಪೆ ಅಂದರೆ ಅವನು ಹೋಗುತ್ತಾನೆ. ಬರವಣಿಗೆಯಲ್ಲಿ ಒಂದೇ. ನುಡಿಯುವಾಗ ಮೊದಲನೆಯದಕ್ಕೆ ಬಾಯಿ ಹೆಚ್ಚು ತೆರೆಯಬೇಕು. ನಮ್ಮ ಮನೆಮಾತು ಹವ್ಯಕ ಕನ್ನಡ, ಸಣ್ಣವನಿದ್ದಾಗ ನನಗೂ ಇದು ತಪ್ಪುತ್ತಿತ್ತು. ಪಕ್ಕದ ಮನೆಯ ಅಕ್ಕ ತೋಟಕ್ಕೆ ಹೊರಟವರು ನಿಂತು, ನನ್ನ ಗಲ್ಲ ಹಿಡಿದು ದವಡೆಯನ್ನು ಒಂದು ಬೆರಳಿನಷ್ಟು ಕೆಳಗೆಳೆದು, "ಈಗ ಹೇಳು" ಅಂದಿದ್ದರು.