ಅಕ್ಷರ ಬಾರದ ಅಜ್ಜಿಯ ಬದುಕನ್ನು ಎಲ್ಲಿಂದ ಬರೆಯಲು ಶುರು ಮಾಡುವುದು?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಅಜ್ಜಿ ತೀರಿಕೊಂಡು ಮೂರು ತಿಂಗಳಾಯಿತು, ಓದು ಬರಹ ಬಾರದವರು, ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಪಕ್ಷದ ಹಬ್ಬಕ್ಕೆ ಮನೆಯವರೆಲ್ಲ ಸೇರಿದಾಗ ಓದಲು ನಾಲ್ಕು ಪುಟ ಬರೆಯೋಣವೆಂದರೆ ‘ಕಷ್ಟಜೀವಿ, ಎಲ್ಲರಿಗೂ ಬೇಕಾದವರು’ ಅನ್ನುವುದರ ಆಚೆ ಪೆನ್ನು ಓಡುತ್ತಿಲ್ಲ ಅಂದಿದ್ದೀರಿ. ಆರು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು.

ನಮ್ಮದು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿ. ಅಪ್ಪ ತನ್ನ ತಾಯಿಯನ್ನು ಅವ್ವ ಅನ್ನುತ್ತಿದ್ದ, ಅದನ್ನೇ ಕೇಳಿ ಬೆಳೆದ ಮೊಮ್ಮಕ್ಕಳಿಗೂ ಅವಳು ಅವ್ವನೇ ಆದಳು.

ಮೊದಲು ತಾರೀಖಿನ ಮಾತು. ಅವ್ವನ ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿತ್ತು, ಅದು ಯಾರೋ ಅಂದಾಜಿಗೆ ಬರೆಸಿದ್ದು. ಆದರೆ ಅವಳಿಗೆ ಅವಳದೇ ಲೆಕ್ಕವಿತ್ತು. ವಯಸ್ಸು ಕೇಳಿದರೆ ‘ಫ್ಯಾಕ್ಟ್ರಿನೂ ನಾನೂ ಓರಗೆ ಕನ್ ಮೊಗ’ ಅನ್ನುತ್ತಿದ್ದಳು. ಮಂಡ್ಯದವರಿಗೆ ಫ್ಯಾಕ್ಟರಿ ಅಂದರೆ ಮೈಷುಗರ್ ಸಕ್ಕರೆ ಕಾರ್ಖಾನೆ ಒಂದೇ, ಅದು ಹುಟ್ಟಿದ್ದು 1933ರಲ್ಲಿ. ಮೈಸೂರಿನ ಮಹಾರಾಜ ನಾಲ್ವಡಿಯವರು ತೀರಿಕೊಂಡ ದಿನ ಅವರಪ್ಪ ನಡುಹಗಲಲ್ಲೇ ಗದ್ದೆಯಿಂದ ಬಂದು, ಜಗಲಿ ಮೇಲೆ ಟವೆಲ್ಲು ಹಾಸಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟನಂತೆ. ನಮ್ಮ ಮನೆಯಲ್ಲೇ ಯಾರೋ ಸತ್ತಿದ್ದಾರೆ ಅಂದುಕೊಂಡು ಇವಳು ಒಳಗೆಲ್ಲ ಹುಡುಕಿದಳಂತೆ. ಅದು 1940ರ ಆಗಸ್ಟ್, ಇವಳಿಗೆ ಏಳು ವರ್ಷ. ಮದುವೆ ಸ್ವಾತಂತ್ರ್ಯ ಬಂದ ಮಾರನೇ ವರ್ಷ. ಹೀಗೆ ಪೋಣಿಸುತ್ತ ಹೋದರೆ ಒಂದು ಬದುಕಿಗೆ ಬೇಕಾದಷ್ಟು ಇಸವಿಗಳು ತಾವಾಗಿಯೇ ಸಿಗುತ್ತವೆ. ನಿಮ್ಮಜ್ಜಿಯೂ ಯಾವುದೋ ಬರ, ಯಾವುದೋ ನೆರೆ, ಯಾರದೋ ಸಾವಿನ ಜೊತೆ ತಮ್ಮ ಬದುಕನ್ನು ಸೇರಿಸಿ ಹೇಳಿರುತ್ತಾರೆ, ನೆನಪು ಮಾಡಿಕೊಳ್ಳಿ.

ಆಮೇಲೆ ಟ್ರಂಕು ತೆಗೆಯಿರಿ. ಇದನ್ನು ನಾನು ತಡವಾಗಿ ಮಾಡಿದೆ.

ತಾತ ಹೋದದ್ದು 1968ರಲ್ಲಿ. ಅವ್ವನಿಗೆ ಮೂವತ್ತೈದು, ಕೈಯಲ್ಲಿ ನಾಲ್ಕು ಮಕ್ಕಳು. ಸ್ವಂತ ಜಮೀನು ಇರಲಿಲ್ಲ, ಬೇರೆಯವರ ಒಂದು ಎಕರೆ ಹತ್ತು ಗುಂಟೆ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದರು, ಬೆಳೆದದ್ದರಲ್ಲಿ ಅರ್ಧ ಜಮೀನಿನ ಒಡೆಯರಿಗೆ. ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆಯಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಿ ನ್ಯಾಯಮಂಡಳಿಯ ಮುಂದೆ ತಾವೇ ಗೇಣಿದಾರರೆಂದು ತೋರಿಸಬೇಕಿತ್ತು. ಊರಲ್ಲಿ ಇದಕ್ಕೆ ‘ಡಿಕ್ಲರೇಷನ್ ಹಾಕೋದು’ ಅನ್ನುತ್ತಿದ್ದರು. ಎಷ್ಟೋ ಜನ ಒಡೆಯರ ದಾಕ್ಷಿಣ್ಯಕ್ಕೆ ಬಿದ್ದು ಹಾಕಲೇ ಇಲ್ಲ. ಅವ್ವ ಹಾಕಿದಳು.

ವಿಚಾರಣೆ ದಿನ ಏನಾಯಿತು ಅನ್ನುವುದನ್ನು ಅಪ್ಪ ನೂರು ಸಲ ಹೇಳಿದ್ದಾನೆ. ಅವನಿಗಾಗ ಹದಿನೆಂಟು, ಜೊತೆಗೆ ಹೋಗಿದ್ದ. ಈ ಹೆಂಗಸು ಬರೀ ಕೂಲಿಗೆ ಬರುತ್ತಿದ್ದವಳು, ಗೇಣಿದಾರಳಲ್ಲ ಅಂತ ಎದುರಿನವರು ವಾದ ಹೂಡಿದರು. ಇವಳ ಹತ್ತಿರ ರಸೀದಿಯಿಲ್ಲ, ಚೀಟಿಯಿಲ್ಲ. ಹಾಗಾದರೆ ಗದ್ದೆಯ ಚಕ್ಕುಬಂದಿ, ನಾಲ್ಕೂ ದಿಕ್ಕಿನ ಗಡಿ ಹೇಳಮ್ಮ ಅಂದರಂತೆ ನ್ಯಾಯಮಂಡಳಿಯ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಸಾಹೇಬರು. ಅವ್ವ ಹೇಳಿದಳು: ‘ಮೂಡ್ಲಾಗೆ ನಾಲೆ ಏರಿ ಬುದ್ಧಿ, ಪಡುವ್ಲಾಗೆ ಹಲಸಿನ ಮರ, ಬಡಗ್ಲಾಗೆ ಬಂಡಿ ಜಾಡು. ತೆಂಕ್ಲಾಗೆ ಬದ ಅದೆ, ಆ ಮೂಲೆಲಿ ಜವುಗು. ನಾಟಿಗೆ ಇಳಿದ್ರೆ ಮಂಡಿಗಂಟ ಹೂತ್ಕತದೆ. ಅಲ್ಲಿಗೆ ಎಡಗಾಲು ಮೊದ್ಲು ಇಕ್ಬಾರ್ದು, ಕೆಳಗೆ ಕಲ್ಲದೆ. ಬೇಕಾದ್ರೆ ಅವ್ರ್‌ನ ಕೇಳಿ, ಆ ಕಲ್ಲು ಎಲ್ಲದೆ ಅಂತ.’

ಕೇಳಿದರು. ಒಡೆಯರ ಕಡೆಯವರಿಗೆ ಕಲ್ಲಿನ ವಿಷಯ ಗೊತ್ತಿರಲಿಲ್ಲ.

ಅವ್ವನ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ಆ ಗದ್ದೆಯ ಫಾರಂ 10, ಅಂದರೆ ಗೇಣಿದಾರರಿಗೆ ಕೊಡುವ ಹಕ್ಕುಪತ್ರ ಇತ್ತು. ಅದರ ಜೊತೆಗಿದ್ದ ಒಂದು ಕಾಗದದ ಮೇಲೆ ಅವಳ ಹೆಬ್ಬೆಟ್ಟು. ನೇರಳೆ ಶಾಯಿ ಮಾಸಿದೆ, ಗೆರೆಗಳು ಮಾಸಿಲ್ಲ. ನಡುವೆ ಒಂದು ಬಿಳಿ ಸೀಳು ಓರೆಯಾಗಿ ಹಾದುಹೋಗಿದೆ. ಕಬ್ಬಿನ ಸೋಗೆ ಸವರುವಾಗ ಕುಡ್ಲು ತಗುಲಿ ಆಗಿದ್ದ ಗಾಯದ ಕಲೆ ಅದು. ಚಿಕ್ಕವನಿದ್ದಾಗ ಅವಳು ಬೆಲ್ಲ ಹಚ್ಚಿದ ರೊಟ್ಟಿ ತಿನ್ನಿಸುವಾಗ ಆ ಕಲೆ ನನ್ನ ತುಟಿಗೆ ಒರಟಾಗಿ ತಾಗುತ್ತಿತ್ತು. ಕಾಗದ ಹಿಡಿದುಕೊಂಡು ಅಟ್ಟದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ತನ್ನ ಕೈಯಾರೆ ಬರೆದದ್ದು ಅಂತ ನಮ್ಮಲ್ಲಿ ಉಳಿದಿರುವುದು ಅದೊಂದೇ.

ಹೊಗಳಿಕೆ ಮಾತ್ರ ಬರೆಯಬೇಡಿ. ಇದನ್ನು ಬರೆಯಲು ನನಗೆ ಕಷ್ಟವಾಯಿತು, ಆದರೂ ಬರೆದೆ. ಗದ್ದೆಗಾಗಿ ಅಷ್ಟು ಬಡಿದಾಡಿದ ಅವ್ವ, ಮನೆ ಭಾಗವಾದಾಗ ಇಬ್ಬರು ಹೆಣ್ಣುಮಕ್ಕಳ ಕೈಲೂ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿದಳು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಟ್ಟಳು, ಅಷ್ಟೇ. ‘ಆ ಗದ್ದೇಲಿ ನಾವೂ ಅವಳ ಜೊತೆಗೇ ಕಳೆ ಕಿತ್ತಿದ್ದೊ’ ಅಂತ ದೊಡ್ಡತ್ತೆ ಇವತ್ತಿಗೂ ಹೇಳುತ್ತಾರೆ. ನಾನು ಆ ಸಾಲನ್ನು ಹಾಗೇ ಇಟ್ಟೆ. ಪಕ್ಷದ ದಿನ ಓದಿದಾಗ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಬರ್ದಿದ್ದೀಯಲ್ಲ, ಸಾಕು ಬುಡು’ ಅಂದರು.

ಇನ್ನು ಯಾರನ್ನು ಕೇಳುವುದು? ಗಂಡುಮಕ್ಕಳನ್ನು ಕೇಳಿದರೆ ತಾಯಿಯ ಬಗ್ಗೆ ಮಾತ್ರ ಹೇಳುತ್ತಾರೆ. ಅವಳ ಜೊತೆ ಮುಯ್ಯಾಳಿಗೆ, ಅಂದರೆ ಒಬ್ಬರ ಗದ್ದೆ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಸರದಿಯಂತೆ ಆಗುವುದಕ್ಕೆ, ಹೋಗುತ್ತಿದ್ದ ಹೆಂಗಸರನ್ನು ಹುಡುಕಿ. ನಮ್ಮೂರಲ್ಲಿ ಅಂಥವರು ಒಬ್ಬರೇ ಉಳಿದಿದ್ದರು, ಹಟ್ಟಿ ಕೊನೆಯ ಮನೆಯ ದೊಡ್ಡವ್ವ. ಬರಿಗೈಯಲ್ಲಿ ಹೋಗಿ ‘ನಮ್ಮವ್ವನ ಬಗ್ಗೆ ಹೇಳಿ’ ಅಂದಾಗ ‘ಏನ್ ಹೇಳ್ಲಪ್ಪ, ಒಳ್ಳೇಳು’ ಅಂದು ಸುಮ್ಮನಾದರು. ಎರಡನೇ ಸಲ ಅವ್ವನ ಎಲೆ ಅಡಿಕೆ ಸಂಚಿ ತೆಗೆದುಕೊಂಡು ಹೋದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅರೆಯೊಳಗೆ ಬೆರಳಿಟ್ಟು, ಸುಣ್ಣದ ಡಬ್ಬಿ ಹೊರಗೆ ತೆಗೆದು ಮೂಸಿದರು. ಆಮೇಲೆ ಮಾತು ನಿಲ್ಲಲಿಲ್ಲ. ಯಾವ ಪದಕ್ಕೆ ಅವ್ವ ಸೊಲ್ಲು ಕೊಡುತ್ತಿದ್ದಳು, ಯಾರ ಬಾಣಂತನಕ್ಕೆ ರಾತ್ರೋರಾತ್ರಿ ನಾಲೆ ದಾಟಿ ಹೋಗಿದ್ದಳು, ಎಲ್ಲ ಬಂತು. ಕೊನೆಗೆ ಕೋರ್ಟಿನ ಮಾತು ಎತ್ತಿದೆ.

‘ಅವತ್ತು ಅವ್ಳು ಉಟ್ಕೊಂಡು ಹೋಗಿದ್ ಸೀರೆ ನಂದು ಕನಪ್ಪ’ ಅಂದರು. ‘ಅವ್ಳ್ದು ಎರಡೇ ಸೀರೆ, ಎರಡೂ ಹರ್ದಿದ್ವು. ಹಸುರು ಸೀರೆ, ನನ್ ತಮ್ಮನ ಮದ್ವೇಲಿ ಕೊಟ್ಟಿದ್ದು. ಒಗ್ದು ವಾಪಸ್ ತಂದ್ಕೊಡುವಾಗ ಸೆರಗ್ನಾಗೆ ಎರಡಚ್ಚು ಬೆಲ್ಲ ಕಟ್ಕೊಂಡು ಬಂದಿದ್ಲು.’

ಈ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ. ನನ್ನ ನಾಲ್ಕು ಪುಟ ಶುರುವಾಗುವುದು ಆ ಹಸಿರು ಸೀರೆಯಿಂದ.

ದೊಡ್ಡವ್ವ ಆ ವರ್ಷದ ಸಂಕ್ರಾಂತಿ ನೋಡಲಿಲ್ಲ. ನಿಮ್ಮಜ್ಜಿಯ ಜೊತೆ ಗದ್ದೆಗೆ ಇಳಿದವರು ಯಾರಾದರೂ ಊರಲ್ಲಿದ್ದರೆ ಪಕ್ಷದವರೆಗೆ ಕಾಯಬೇಡಿ, ಈ ಭಾನುವಾರವೇ ಹೋಗಿ ಬನ್ನಿ. ಅಜ್ಜಿಯದು ಏನಾದರೊಂದು ವಸ್ತು ಕೈಯಲ್ಲಿರಲಿ.