ಅಚ್ಚಿನಲ್ಲಿ ಎಡಚನಾದ ವಾದ್ಯಗಾರ

ಪ್ರಶ್ನೆ: ಫ್ರಾನ್ಸಿನ ಚಿತ್ರಕಾರ ಫ್ರಾನ್ಸ್ವಾ ಬುಶೆಯ (1703–1770) ಕಾಲದ ಚೀನೀ ದೃಶ್ಯಗಳ ಅಚ್ಚುಚಿತ್ರಗಳಲ್ಲಿ ತಂತಿವಾದ್ಯ ನುಡಿಸುವವರು ಕೆಲವೊಮ್ಮೆ ಎಡಚರಂತೆ ಕಾಣುತ್ತಾರೆ. ಚೀನದಲ್ಲಿ ಹಾಗೆ ನುಡಿಸುತ್ತಿದ್ದರೇ?

ಉತ್ತರ: ಇಲ್ಲ, ಅದು ಅಚ್ಚಿನಿಂದ ಬಂದ ಅದಲುಬದಲು. ಮೇಣ ಸವರಿದ ತಾಮ್ರದ ತಗಡಿನ ಮೇಲೆ ರೇಖಾಚಿತ್ರವಿಟ್ಟು ಗೆರೆ ಇಳಿಸುತ್ತಾರೆ. ಸೂಜಿಯಿಂದ ಆ ಗೆರೆಗಳ ಮೇಣ ಕೆರೆದು ಆಮ್ಲಕ್ಕೆ ಒಡ್ಡುತ್ತಾರೆ. ಮೇಣ ಹೋದಲ್ಲೆಲ್ಲ ತಾಮ್ರ ಕೊರೆದು ಮಸಿ ಹಿಡಿಯುವ ಗುಣಿಯಾಗುತ್ತದೆ. ತಗಡಿನ ಮೇಲೆ ನೇರವಾಗಿದ್ದ ಚಿತ್ರ ಕಾಗದಕ್ಕೆ ಬರುವಾಗ ತಿರುಗುತ್ತದೆ, ಬಲಗೈ ಎಡಗೈಯಾಗುತ್ತದೆ. ತಪ್ಪಿಸಬೇಕೆಂದರೆ ಕನ್ನಡಿಯಲ್ಲಿ ನೋಡಿ ಬಿಡಿಸಬೇಕು. ಇಲ್ಲವೇ ಸೀಮೆಸುಣ್ಣದ ಚಿತ್ರವನ್ನು ಒದ್ದೆ ಕಾಗದಕ್ಕೆ ಒತ್ತಿ ತಿರುವು ಪ್ರತಿ ತೆಗೆದು, ಅದನ್ನು ತಗಡಿಗೆ ಇಳಿಸಬೇಕು. ಇದರಿಂದ ಮೂಲ ಚಿತ್ರ ಮಂಕಾಗುತ್ತದೆ, ಕೆಲಸವೂ ಹೆಚ್ಚು. ಹೀಗಾಗಿ ಅಲಂಕಾರಕ್ಕೆ ಮಾರುವ ಹಾಳೆಗಳಲ್ಲಿ ಎಷ್ಟೋ ಸಲ ಹಾಗೇ ಬಿಡುತ್ತಿದ್ದರು.

ಚಿತ್ರದ ಕೆಳಗಿನ ಅಕ್ಷರಗಳು ಸರಿಯಾಗಿವೆಯಲ್ಲ ಎಂದು ಮೋಸ ಹೋಗಬೇಡಿ. ಅವನ್ನು ತಗಡಿನ ಮೇಲೆ ಉಲ್ಟಾ ಕೆತ್ತಿರುತ್ತಾರೆ. ಅಲ್ಲಿ 'ಇನ್ವೆ.' ಎಂದರೆ ಕಲ್ಪಿಸಿದವನು, 'ಸ್ಕಲ್ಪ್.' ಎಂದರೆ ಕೆತ್ತಿದವನು.

ವಾದ್ಯವನ್ನೂ ಸಾಕ್ಷಿಯೆಂದು ನಂಬುವಂತಿಲ್ಲ. ಬುಶೆ ಚೀನಕ್ಕೆ ಹೋದವನಲ್ಲ. ಪ್ಯಾರಿಸ್‌ಗೆ ಬರುತ್ತಿದ್ದ ಪಿಂಗಾಣಿ, ಅರಗಿನ ಪೆಟ್ಟಿಗೆಗಳು, ಪ್ರವಾಸಗ್ರಂಥಗಳ ಚಿತ್ರಗಳು ಅವನ ಚೀನ. ಚಿತ್ರದ ವಾದ್ಯ ಪೀಪಾ (ಚೀನದ ತಂತಿವಾದ್ಯ) ಎನ್ನಿಸಿದರೆ ಬಿರಡೆ ಎಣಿಸಿ: ನಿಜವಾದದ್ದಕ್ಕೆ ನಾಲ್ಕು ತಂತಿ, ನಾಲ್ಕು ಬಿರಡೆ. ಲೆಕ್ಕ ತಪ್ಪಿದರೆ ಅದು ಪ್ಯಾರಿಸಿನ ಕಲ್ಪನೆ. ಆದರೆ ಬಾಗಿದ ಬೆರಳು, ತಲೆ ಓರೆಯಾಗಿ ಆಲಿಸುವ ಭಂಗಿ ಎಷ್ಟು ಸೊಗಸು! ನನಗೆ ಈ ಹಾಳೆಗಳಲ್ಲಿ ಪ್ರಿಯವಾದದ್ದು ಅದೇ.

ಪ್ರಶ್ನೆ: ಬುಶೆಯದ್ದೆನ್ನುವ ಕೆಂಪು ಸೀಮೆಸುಣ್ಣದ ಚಿತ್ರ ಕೈಯಲ್ಲಿ ಬಿಡಿಸಿದ್ದೋ ಅಚ್ಚೋ, ತಿಳಿಯುವುದು ಹೇಗೆ?

ಉತ್ತರ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ನಿಜವಾದ ಸುಣ್ಣದ ಪುಡಿ ಕಾಗದದ ಉಬ್ಬುಗಳಿಗೆ ಮಾತ್ರ ಅಂಟಿ, ತಗ್ಗುಗಳನ್ನು ಬಿಳಿ ಬಿಡುತ್ತದೆ. ಅಚ್ಚಿನಲ್ಲಿ ಕಾಗದದ ಮೇಲ್ಮೈಗೆ ಸಂಬಂಧವೇ ಇಲ್ಲದ ಸಣ್ಣ ಚುಕ್ಕಿಗಳು ಕಾಣುತ್ತವೆ: ಹಲ್ಲುಚಕ್ರ ತಗಡಿನ ಮೇಲೆ ಉರುಳಿದ ಗುರುತು. 1757ರ ಸುಮಾರಿಗೆ ಕೆತ್ತನೆಗಾರ ಜಾನ್ ಶಾರ್ಲ್ ಫ್ರಾನ್ಸ್ವಾ ರೂಢಿಗೆ ತಂದ ಈ ಪದ್ಧತಿಯಲ್ಲಿ ಜಿಲ್ ದೆಮಾರ್ತೋ ಬುಶೆಯ ಎಷ್ಟೋ ಚಿತ್ರಗಳನ್ನು ಅಚ್ಚಿಗೆ ತಂದ. ಅಂಚಿನಲ್ಲಿ ತಗಡು ಒತ್ತಿದ ಗೀರು ಇಲ್ಲವೆಂದ ಮಾತ್ರಕ್ಕೆ ಕೈಚಿತ್ರವೆಂದು ತೀರ್ಮಾನಿಸಬೇಡಿ. ಚೌಕಟ್ಟಿಗೆ ಹೊಂದಿಸಲು ಅಂಚನ್ನು ಕತ್ತರಿಸಿರಬಹುದು.